ಆಸ್ಬೋರ್ನ್ ಹೌಸಿನ ಮೊಗಸಾಲೆಯಲ್ಲಿ ನಮ್ಮ ಗೌರಮ್ಮ: ನೋಡಿಬಂದವರು, ಹೊರಟಿರುವವರು ಇಲ್ಲಿ ಬರೆಯಿರಿ

ಮಡಿಕೇರಿ_ಮಂಜು

ಎಲ್ಲರಿಗೂ ನಮಸ್ಕಾರ. ಊರಿಂದ ಬಂದ ಅಪ್ಪ ಅಮ್ಮನನ್ನು ಇಂಗ್ಲೆಂಡಿನಲ್ಲಿ ಎಲ್ಲೆಲ್ಲಿ ಕರೆದುಕೊಂಡು ಹೋಗಬಹುದು ಅಂತ ಇಲ್ಲಿ ತಿಂಗಳಿಗೊಬ್ಬರು ಕೇಳುತ್ತೀರಿ. ಲಂಡನ್ ಸುತ್ತಾಟ ಮುಗಿದು ಒಂದು ದಿನ ಉಳಿದಿದ್ದರೆ ಐಲ್ ಆಫ್ ವೈಟ್ ದ್ವೀಪದ ಆಸ್ಬೋರ್ನ್ ಹೌಸಿಗೆ ಹೋಗಿ. ನಾವು ಮೊನ್ನೆ ಗೌರಿ ಹಬ್ಬದ ಹಿಂದಿನ ದಿನ ಹೋಗಿಬಂದೆವು. ಬಂದಾಗಿನಿಂದ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಸೌತಾಂಪ್ಟನ್ನಿನಲ್ಲಿ. ಅಲ್ಲಿಂದ ಈಸ್ಟ್ ಕೌಸ್‌ಗೆ ಕಾರು ಸಮೇತ ಹತ್ತುವ ಹಡಗಿದೆ, ಸುಮಾರು ಒಂದು ಗಂಟೆಯ ಪ್ರಯಾಣ. ಇಳಿದರೆ ಮನೆ ಹತ್ತಿರವೇ. ಮನೆ ಅಂದೆ, ಆದರೆ ಅದು ವಿಕ್ಟೋರಿಯಾ ರಾಣಿ ಮತ್ತು ಆಲ್ಬರ್ಟ್ 1845ರಲ್ಲಿ ಎಸ್ಟೇಟು ಕೊಂಡು, ಅಲ್ಲಿದ್ದ ಹಳೆಯ ಮನೆ ಕೆಡವಿಸಿ, ತಮ್ಮ ಸಂಸಾರಕ್ಕೆಂದು ಕಟ್ಟಿಸಿಕೊಂಡ ಮಹಲು. ಕಟ್ಟಿದ್ದು ಲಂಡನ್ನಿನ ಥಾಮಸ್ ಕ್ಯೂಬಿಟ್. ಇಟಲಿಯ ಶೈಲಿ, ಎರಡು ಗೋಪುರ, ಎದುರಿಗೆ ಹಂತಹಂತವಾಗಿ ಇಳಿಯುವ ತೋಟ, ಅದರಾಚೆ ಸಮುದ್ರ. ಈ ನೋಟ ಆಲ್ಬರ್ಟನಿಗೆ ನೇಪಲ್ಸ್ ಕೊಲ್ಲಿಯನ್ನು ನೆನಪಿಸುತ್ತಿತ್ತಂತೆ. ಅಪ್ಪ ಜಗಲಿಯ ಮೇಲೆ ಹತ್ತು ನಿಮಿಷ ನಿಂತು, "ಹುಡುಕಿಯೇ ಕಟ್ಟಿದ್ದಾರೆ" ಅಂದರು.

ಒಳಗೆ ಕೋಣೆಯಿಂದ ಕೋಣೆಗೆ ಹೋಗುತ್ತೀರಿ. ಮೊಗಸಾಲೆಯ ನೆಲಕ್ಕೆ ಮಿಂಟನ್ ಹೆಂಚು. ಊಟದ ಕೋಣೆಯಲ್ಲಿ ರಾಣಿಯ ಸಂಸಾರದ ದೊಡ್ಡ ಚಿತ್ರ. ಮಕ್ಕಳ ಕೈಕಾಲುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಗಾಜಿನೊಳಗೆ ಇಟ್ಟಿದ್ದಾರೆ. ಅಮ್ಮನಿಗೆ ಅದು ಹಿಡಿಸಲಿಲ್ಲ, "ಬರೀ ಕೈ ಯಾಕೆ ಮಾಡಿಸಿದ್ರು, ನೋಡಿದರೆ ಏನೋ ಆಗುತ್ತೆ" ಅಂದರು. ಮೇಲೆ ರಾಣಿಯ ಕೆಲಸದ ಕೋಣೆಯಲ್ಲಿ ಎರಡು ಮೇಜು ಒಂದರ ಪಕ್ಕ ಒಂದು, ಗಂಡನದೂ ಹೆಂಡತಿಯದೂ. ಅದರಾಚೆ ಮಲಗುವ ಕೋಣೆ. ಆಲ್ಬರ್ಟ್ 1861ರಲ್ಲಿ ತೀರಿಕೊಂಡ. ಅವನು ಮಲಗುತ್ತಿದ್ದ ಕಡೆ ಅವನ ಚಿತ್ರ, ಗಡಿಯಾರ ಇಡುವ ಚೀಲ ಇವತ್ತಿಗೂ ತೂಗುತ್ತಿವೆ. ಅದೇ ಕೋಣೆಯಲ್ಲಿ 1901ರ ಜನವರಿ 22ರಂದು ಅವಳು ಹೋದಳು. ಆ ಮೇಲೆ ಮನೆಯವರು ಅಲ್ಲಿಗೆ ಯಾರನ್ನೂ ಬಿಡಲಿಲ್ಲ. ಜನರಿಗೆ ತೆರೆದದ್ದು 1954ರಲ್ಲಿ.

ಇನ್ನು ನಾನು ಬರೆಯಬೇಕೆಂದಿರುವ ಮಾತು. ಕೊನೆಕೊನೆಗೆ ದರ್ಬಾರ್ ಕಾರಿಡಾರ್ ಅನ್ನುವ ಮೊಗಸಾಲೆ ಬರುತ್ತದೆ. ಗೋಡೆ ತುಂಬ ಭಾರತದವರ ಚಿತ್ರಗಳು. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ, ಮುಂದೆ ದರ್ಬಾರ್ ಕೋಣೆ ಬೆಳ್ಳಗೆ ಹೊಳೆಯುತ್ತಿರುತ್ತದೆ, ಎಲ್ಲರೂ ಅತ್ತ ನಡೆದುಬಿಡುತ್ತಾರೆ. ನಾವೂ ನಡೆದಿದ್ದೆವು. ಅಪ್ಪ ಹಿಂದೆ ಉಳಿದರು. ತಿರುಗಿ ನೋಡಿದರೆ ಒಂದು ಹುಡುಗಿಯ ಚಿತ್ರದ ಮುಂದೆ ನಿಂತು ಹೆಸರಿನ ಫಲಕ ಓದುತ್ತಿದ್ದಾರೆ. ಪ್ರಿನ್ಸೆಸ್ ಗೌರಮ್ಮ ಆಫ್ ಕೂರ್ಗ್. ನಮ್ಮ ಊರಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು.

ಅವಳ ಬಗ್ಗೆ ಕೇಳಿದ್ದೆ. ಆದರೆ ಅವಳು ಇಲ್ಲಿ, ಈ ಮನೆಯ ಗೋಡೆಯ ಮೇಲೆ ಇದ್ದಾಳೆ ಅಂತ ಗೊತ್ತಿರಲಿಲ್ಲ. ಚಿತ್ರ ಬರೆದವನು ವಿಂಟರ್‌ಹಾಲ್ಟರ್, 1852ರಲ್ಲಿ. ಆಗ ಅವಳಿಗೆ ಹನ್ನೊಂದು. ಮೈತುಂಬ ಒಡವೆ, ನಮ್ಮ ಕಡೆಯ ಉಡುಪು. ಮರೊಕೆಟ್ಟಿ ಅನ್ನುವ ಶಿಲ್ಪಿ ಬಣ್ಣ ಹಾಕಿ ಮಾಡಿದ ಅವಳ ಅಮೃತಶಿಲೆಯ ಮೂರ್ತಿಯೂ ಇದೆ. ಅಮ್ಮ ಬಂದು ನೋಡಿ ಒಂದೇ ಮಾತು ಕೇಳಿದರು: "ಇಲ್ಲಿ ಈ ಮಗುವಿನ ತಲೆ ಬಾಚುತ್ತಿದ್ದವರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೆಯ ದಿನ ಮನೆಯಲ್ಲಿ ಗೌರಿ ಕೂರಿಸುವಾಗಲೂ ಅಮ್ಮ ಅದನ್ನೇ ಹೇಳುತ್ತಿದ್ದರು.

ನೋಡಿದವರು ಯಾರಾದರೂ ಇದ್ದೀರಾ? ಅವಳ ಬಗ್ಗೆ ಸರಿಯಾಗಿ ಗೊತ್ತಿರುವವರು ದಯವಿಟ್ಟು ಬರೆಯಿರಿ. ವಾಟ್ಸಾಪಿನಲ್ಲಿ ತಿರುಗುವುದು ಬೇಡ.

ಧಾರವಾಡದವ

ಮಂಜು ಅವರ, ಓದಿ ಭಾಳ ಹೊತ್ತು ಸುಮ್ಮನ ಕೂತೆ. ನಾ ಎರಡು ವರ್ಷದ ಹಿಂದ ಹೋಗಿದ್ದೆ. ದರ್ಬಾರ್ ರೂಮಿನ ಫೋಟೋ ನೂರು ಇರಬೇಕು ನನ್ನ ಫೋನಿನ್ಯಾಗ. ಗೌರಮ್ಮಂದು ಒಂದೂ ಇಲ್ಲ. ಆಕಿ ಮುಂದಿನಿಂದನ ಹಾದು ಹೋಗೇನಿ ಅಂದ್ರ ನನಗ ಸಂಕಟ ಆಗ್ತದ.

ನಮ್ಮ ಅವ್ವ ಮುಂದಿನ ತಿಂಗಳು ಬರ್ತಾಳ. ಮೊಣಕಾಲು ನೋವು ಅದ. ಮನಿ ಒಳಗ ಮೆಟ್ಟಿಲ ಎಷ್ಟು? ವ್ಹೀಲ್‌ಚೇರ್ ನಡೀತದೇನು? ಮಗಳಿಗೆ ಹನ್ನೊಂದು ವರ್ಷ, ಆಕಿಗೂ ಏನಾದರೂ ನೋಡಾಕ ಇರಬೇಕು.

ಮಡಿಕೇರಿ_ಮಂಜು

@ಧಾರವಾಡದವ ಕೆಳಗಿನ ಕೋಣೆಗಳಿಗೆ ತೊಂದರೆ ಇಲ್ಲ. ಮಕ್ಕಳ ಕೋಣೆ, ರಾಣಿಯ ಮಲಗುವ ಕೋಣೆ ಎಲ್ಲ ಮೇಲೆ. ಮೆಟ್ಟಿಲು ಹತ್ತಬೇಕು, ಅಮ್ಮ ಎರಡು ಕಡೆ ನಿಂತು ನಿಂತು ಹತ್ತಿದರು. ವ್ಹೀಲ್‌ಚೇರ್ ಬೇಕಿದ್ದರೆ ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಅವ್ವನಿಗೆ ಹತ್ತಲು ಆಗದಿದ್ದರೂ ದರ್ಬಾರ್ ಭಾಗ ಕೆಳಗೇ ಇದೆ, ಗೌರಮ್ಮನನ್ನು ನೋಡಬಹುದು.

ಮಗಳನ್ನು ಸ್ವಿಸ್ ಕಾಟೇಜಿಗೆ ಕರೆದುಕೊಂಡು ಹೋಗಿ, ಮನೆಯಿಂದ ಅಲ್ಲಿಗೆ ಸಣ್ಣ ಬಸ್ಸು ಬಿಡುತ್ತಾರೆ. ರಾಣಿಯ ಒಂಬತ್ತು ಮಕ್ಕಳಿಗಾಗಿ 1850ರ ದಶಕದಲ್ಲಿ ಕಟ್ಟಿಸಿದ ಮರದ ಮನೆ. ಅಲ್ಲಿ ಮಕ್ಕಳೇ ಅಡುಗೆ ಕಲಿಯುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಪಾತಿ, ಹೆಸರಿನ ಮೊದಲಕ್ಷರ ಬರೆದ ಪುಟ್ಟ ತಳ್ಳುಗಾಡಿ. ಅವರು ಬೆಳೆದ ತರಕಾರಿಯನ್ನು ಅಪ್ಪ ಆಲ್ಬರ್ಟ್ ಮಾರುಕಟ್ಟೆ ದರಕ್ಕೇ ಕೊಳ್ಳುತ್ತಿದ್ದನಂತೆ. ನಮ್ಮಪ್ಪನಿಗೆ ಇಡೀ ಆಸ್ಬೋರ್ನಿನಲ್ಲಿ ಮನಸ್ಸಿಗೆ ಹಿಡಿಸಿದ್ದು ಆ ಪಾತಿಗಳು. ಕಡಲತೀರದಲ್ಲಿ ರಾಣಿ ಸ್ನಾನಕ್ಕೆ ಇಳಿಯುತ್ತಿದ್ದ ಗಾಲಿಯ ಮೇಲಿನ ಕೋಣೆಯೂ ಇದೆ.

ಇತಿಹಾಸ_ಮೇಷ್ಟ್ರು

ಮಂಜು ಅವರೇ, ತುಮಕೂರಿನಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ವಾಟ್ಸಾಪಿನದು ಬೇಡ ಅಂದಿರಿ, ಸಂತೋಷವಾಯಿತು. ಅಲ್ಲಿ "ವಿಕ್ಟೋರಿಯಾ ರಾಣಿಯ ದತ್ತುಪುತ್ರಿ ಕನ್ನಡತಿ" ಅಂತ ಓಡಾಡುತ್ತಿರುವುದನ್ನು ಮೊದಲು ತಿದ್ದಿಕೊಳ್ಳೋಣ. ರಾಣಿ ಅವಳನ್ನು ದತ್ತು ತೆಗೆದುಕೊಳ್ಳಲಿಲ್ಲ. 1852ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಹುಡುಗಿಗೆ ಕ್ರೈಸ್ತ ದೀಕ್ಷೆ ಕೊಟ್ಟಾಗ ರಾಣಿ ಗಾಡ್‌ಮದರ್ ಆಗಿ ನಿಂತಳು, ತನ್ನ ಹೆಸರನ್ನೇ ಕೊಟ್ಟಳು. ಅಲ್ಲಿಂದ ಅವಳು ವಿಕ್ಟೋರಿಯಾ ಗೌರಮ್ಮ. ದತ್ತಕಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ದತ್ತು ಮಗಳಾದರೆ ಮನೆಯಲ್ಲಿ ಬೆಳೆಯುತ್ತಾಳೆ. ಇವಳು ರಾಣಿಯ ಮನೆಯಲ್ಲಿ ಬೆಳೆಯಲಿಲ್ಲ.

ಹಿಂದಿನ ಕಥೆ ಹೀಗೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು 1841ರಲ್ಲಿ. ಅಂದರೆ ರಾಜ್ಯ ಹೋಗಿ ಏಳು ವರ್ಷವಾದ ಮೇಲೆ. "ಕೊಡಗಿನ ರಾಜಕುಮಾರಿ" ಎಂದು ಫಲಕದಲ್ಲಿದೆ, ಆದರೆ ಆ ಹುಡುಗಿ ಕೊಡಗಿನ ಮಣ್ಣು ಮೆಟ್ಟಿದವಳಲ್ಲ.

1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ತನ್ನ ಮನೆತನದವರು ಕಂಪನಿಯಲ್ಲಿ ಇಟ್ಟಿದ್ದ ಹಣವನ್ನು ಕೇಳುವುದು ಅವನ ಉದ್ದೇಶಗಳಲ್ಲಿ ಒಂದು. ಮೊಕದ್ದಮೆ ಹೂಡಿದ, ಗೆಲ್ಲಲಿಲ್ಲ. ಅಲ್ಲೇ ತೀರಿಕೊಂಡ. ಮಗಳನ್ನು ದೀಕ್ಷೆಯಾದ ಮೇಲೆ ಡ್ರಮಂಡ್ ದಂಪತಿಗಳ ಕೈಗೆ ಒಪ್ಪಿಸಲಾಯಿತು. ಮುಂದೆ ಲಾಗಿನ್ ದಂಪತಿಗಳ ಉಸ್ತುವಾರಿ. ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ಇದೇ ಇರಬೇಕು: ಯಾರದೋ ಮನೆಯ ಯಾರೋ.

ನಾಪೋಕ್ಲು_ಕಾಫಿ

ಮೇಷ್ಟ್ರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಅವಳಪ್ಪ ಕಂಪನಿಯವರ ಕೈಗೆ ಸಿಗುವ ಮೊದಲು ಬಂದು ಕೂತಿದ್ದ ನಾಲ್ಕುನಾಡು ಅರಮನೆ ನಮ್ಮ ತೋಟದಿಂದ ದೂರ ಇಲ್ಲ, ಕಕ್ಕಬ್ಬೆ ದಾಟಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಅಂತ ಕರೆಯುತ್ತೇವೆ, ಹೋಗಿ ನೋಡಿದರೆ ಎರಡು ಅಂತಸ್ತಿನ ಮನೆ. ಕೆತ್ತಿದ ಮರದ ಕಂಬ, ಬಣ್ಣ ಮಾಸಿದ ಗೋಡೆಚಿತ್ರ, ಮುಂದೆ ಒಂದು ಮಂಟಪ. ಮಳೆಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಒಳಗೆ ಕತ್ತಲೆ.

ಇಲ್ಲಿಗೆ ಬರುವ ಚಾರಣದ ಹುಡುಗರು ಅಂಗಳದಲ್ಲಿ ಬ್ಯಾಗ್ ಇಟ್ಟು, ಫೋಟೋ ತೆಗೆದು, ಬೆಟ್ಟ ಹತ್ತುತ್ತಾರೆ. ಆಸ್ಬೋರ್ನಿನ ಫೋಟೋ ಅಂತರ್ಜಾಲದಲ್ಲಿ ನೋಡಿದೆ. ಈ ಮನೆಯ ಮಗಳು ಆ ಮನೆಯ ಗೋಡೆಯಲ್ಲಿ ಅಂದರೆ ಎಷ್ಟು ದೂರ ಅಲ್ವಾ.

ರಾಜನ ಬಗ್ಗೆ ನಮ್ಮ ಅಜ್ಜಂದಿರು ಒಳ್ಳೆಯ ಮಾತು ಆಡಿದ್ದು ಕಡಿಮೆ. ಕ್ರೂರಿ ಅಂತಲೇ ಕೇಳಿ ಬೆಳೆದವನು ನಾನು. ಹಾಗಾಗಿ ಮಗಳ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಅಪ್ಪನ ಲೆಕ್ಕದಲ್ಲೇ ಅವಳನ್ನೂ ಹಾಕಿ ಮುಚ್ಚಿಬಿಟ್ಟೆವು. ಅದು ನಮ್ಮ ತಪ್ಪು.

ಗಾರೆ_ಸುಣ್ಣ

ಮೈಸೂರಿನವನು, ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ದರ್ಬಾರ್ ಕೋಣೆ ನೋಡಲೆಂದೇ ನಾಲ್ಕು ವರ್ಷದ ಹಿಂದೆ ಆಸ್ಬೋರ್ನಿಗೆ ಹೋಗಿದ್ದೆ. ಗೌರಮ್ಮನ ವಿಷಯ ಮುಂದುವರಿಯಲಿ, ನಡುವೆ ಆ ಕೋಣೆಯ ಬಗ್ಗೆ ಎರಡು ಮಾತು ಹೇಳಲು ಬಿಡಿ. ಬೆಳ್ಳಗೆ ಹೊಳೆಯುತ್ತಿತ್ತು ಅಂತ ಮಂಜು ಬರೆದದ್ದು ಓದಿ ತಡೆಯಲಾಗಲಿಲ್ಲ.

ಆ ಕೋಣೆಯನ್ನು ರೂಪಿಸಿದ ಕೈ ಪಂಜಾಬಿನದು. ಭಾಯಿ ರಾಮ್ ಸಿಂಗ್ ಅಂತ ಹೆಸರು. ಬಡಗಿ ಮನೆತನದವರು, ಲಾಹೋರಿನ ಮೇಯೊ ಕಲಾಶಾಲೆಯಲ್ಲಿ ಲಾಕ್‌ವುಡ್ ಕಿಪ್ಲಿಂಗರ ಶಿಷ್ಯ, ಆಮೇಲೆ ಅಲ್ಲೇ ಮೇಷ್ಟ್ರು. ಗುರುಶಿಷ್ಯ ಇಬ್ಬರೂ ಸೇರಿ ರಾಣಿಯ ಮಗ ಡ್ಯೂಕ್ ಆಫ್ ಕನಾಟನ ಮನೆಯಲ್ಲಿ ಒಂದು ಬಿಲಿಯರ್ಡ್ಸ್ ಕೋಣೆ ಮಾಡಿಕೊಟ್ಟಿದ್ದರು. ಅದರ ಬೆನ್ನಿಗೇ ಆಸ್ಬೋರ್ನಿಗೆ ಕರೆ. 1891ರ ಹೊತ್ತಿಗೆ ರಾಮ್ ಸಿಂಗ್ ದ್ವೀಪಕ್ಕೆ ಬಂದು ಎಸ್ಟೇಟಿನ ಒಂದು ಮನೆಯಲ್ಲೇ ಉಳಿದು ಕೆಲಸ ಮಾಡಿದರು. ಚಾವಣಿ ನೋಡಿದರೆ ಅಮೃತಶಿಲೆ, ದಂತ ಅನ್ನಿಸುತ್ತದೆ. ಅಲ್ಲ. ಗಾರೆ ಮತ್ತು ಕಾಗದದ ಗೊಜ್ಜು. ಅವರು ಬರೆದುಕೊಟ್ಟ ನಕ್ಷೆಯಿಂದ ಅಚ್ಚು ತೆಗೆದು, ತುಂಡು ತುಂಡಾಗಿ ಎರಕ ಹೊಯ್ದು, ಕೀಲು ಕಾಣದ ಹಾಗೆ ಜೋಡಿಸಿದ್ದಾರೆ. ಬೆಂಕಿಗೂಡಿನ ಮೇಲೆ ಗರಿಬಿಚ್ಚಿದ ನವಿಲು ಇದೆಯಲ್ಲ, ಅದರ ಕೆಳಗೆ ನಿಂತು ಪಕ್ಕದಿಂದ ನೋಡಿ. ಗರಿಗಳ ಉಬ್ಬು ಒಂದೇ ಸಮ ಇಲ್ಲ, ಕೊನೆಗೆ ಹೋದ ಹಾಗೆ ತೆಳುವಾಗುತ್ತದೆ. ಮರ ಕೆತ್ತಿದ ಕೈ ಗಾರೆಯಲ್ಲೂ ಹಾಗೇ ಯೋಚಿಸಿದೆ.

ನಮ್ಮ ಮೈಸೂರು ಅರಮನೆಯಲ್ಲಿ ಇದರ ತಿರುವುಮುರುವು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೊಸದರ ನಕ್ಷೆ ಬರೆದದ್ದು ಹೆನ್ರಿ ಇರ್ವಿನ್. ಕಲ್ಯಾಣಮಂಟಪದ ಕಬ್ಬಿಣದ ಕಂಬ ಗ್ಲಾಸ್ಗೋದಿಂದ ಬಂದದ್ದು. ಅಲ್ಲಿ ಭಾರತವನ್ನೇ ನೋಡದ ರಾಣಿಗೆ ಪಂಜಾಬಿನ ಬಡಗಿ ಭಾರತದ ಕೋಣೆ ಮಾಡಿಕೊಟ್ಟ, ಇಲ್ಲಿ ನಮ್ಮ ಮಹಾರಾಜರಿಗೆ ಬ್ರಿಟಿಷರವನು ಭಾರತದ ಅರಮನೆ ಮಾಡಿಕೊಟ್ಟ. ಇರ್ವಿನ್ ಹೆಸರು ಮೈಸೂರಿನ ರಸ್ತೆಯ ಗೈಡುಗಳಿಗೂ ಗೊತ್ತು. ರಾಮ್ ಸಿಂಗ್ ಹೆಸರು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಅಮೃತಸರದ ಖಾಲ್ಸಾ ಕಾಲೇಜೂ ಅವರದೇ ನಕ್ಷೆ.

ಅದೇ ಮೊಗಸಾಲೆಯಲ್ಲಿ ಅವರ ಚಿತ್ರವಿದೆ, ರುಡಾಲ್ಫ್ ಸ್ವೊಬೊಡಾ ಬರೆದದ್ದು. ಗೌರಮ್ಮನ ಹತ್ತಿರ ನಿಲ್ಲುವವರು ಅವರನ್ನೂ ಹುಡುಕಿ.

ಮಡಿಕೇರಿ_ಮಂಜು

@ಗಾರೆ_ಸುಣ್ಣ ಕಾಗದದ ಗೊಜ್ಜು ಅಂತ ನಿಜಕ್ಕೂ ತಿಳಿಯಲಿಲ್ಲ. ನವಿಲನ್ನು ಎದುರಿಗೆ ನಿಂತು ನೋಡಿ ಬಂದುಬಿಟ್ಟೆ. ಸ್ವೊಬೊಡಾನ ಚಿತ್ರಗಳಲ್ಲಿ ಅಪ್ಪನಿಗೆ ತುಂಬ ಹಿಡಿಸಿದ್ದು ಮುಖವೆಲ್ಲ ಸುಕ್ಕಾದ ಒಬ್ಬ ಮುದುಕನದು. ಕುಂಬಾರ ಅಂತ ಬರೆದಿತ್ತು.

ಗಾರೆ_ಸುಣ್ಣ

ಬಕ್ಷಿರಾಮ್. ಆಗ್ರಾದ ಕುಂಬಾರ. 1886ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತುಗಳ ಪ್ರದರ್ಶನಕ್ಕೆ ಆಗ್ರಾ ಜೈಲಿನಿಂದ ಕೆಲವು ಕಸುಬುದಾರರನ್ನು ಕರೆತಂದಿದ್ದರು, ಅವರಲ್ಲೊಬ್ಬ. ನೂರು ದಾಟಿದ ವಯಸ್ಸು ಅಂತ ಆಗಲೇ ಹೇಳುತ್ತಿದ್ದರು. ಆ ಚಿತ್ರಗಳನ್ನು ನೋಡಿ ರಾಣಿಗೆ ಇಷ್ಟವಾಗಿ, ಇನ್ನಷ್ಟು ಬರೆದು ತಾ ಎಂದು ಸ್ವೊಬೊಡಾನನ್ನು ಭಾರತಕ್ಕೇ ಕಳಿಸಿದಳು.

ಸಮುದ್ರದಾಚೆ

ನಾನು ಬರೆಯುವುದು ಕೆಲವರಿಗೆ ಹಿಡಿಸದೇ ಇರಬಹುದು. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಮೇಲೆ ಓದಿದರೆ ರಾಣಿ ಏನೋ ದೊಡ್ಡ ಅನ್ಯಾಯ ಮಾಡಿದಳು ಅನ್ನುವ ಹಾಗಿದೆ. ಸ್ವಲ್ಪ ನ್ಯಾಯವಾಗಿ ನೋಡೋಣ. ರಾಜ್ಯ ಕಳೆದುಕೊಂಡು ಬಂದ ಒಬ್ಬನ ಮಗಳನ್ನು ಅರಮನೆಗೆ ಕರೆಸಿ, ತಾನೇ ಪಕ್ಕದಲ್ಲಿ ನಿಂತು ಹೆಸರಿಟ್ಟು, ಅತ್ಯುತ್ತಮ ಚಿತ್ರಕಾರನಿಂದ ಚಿತ್ರ ಬರೆಸಿ, ಶಿಲ್ಪ ಮಾಡಿಸಿ, ಅದನ್ನು ತನ್ನ ಸ್ವಂತ ಮನೆಯಲ್ಲಿ ಇಟ್ಟುಕೊಂಡಳು. ಆ ಕಾಲದ ಎಷ್ಟು ದೊರೆಗಳು ಸೋತವರ ಮಕ್ಕಳಿಗೆ ಅಷ್ಟು ಮಾಡಿದ್ದಾರೆ? ಆ ಚಿತ್ರ ಅಲ್ಲಿ ಇರದಿದ್ದರೆ ನಾವು ಇವತ್ತು ಗೌರಮ್ಮನ ಬಗ್ಗೆ ಮಾತಾಡುತ್ತಲೇ ಇರಲಿಲ್ಲ.

ಇತಿಹಾಸ_ಮೇಷ್ಟ್ರು

@ಸಮುದ್ರದಾಚೆ ನಿಮ್ಮ ಮಾತಿನಲ್ಲಿ ಸತ್ಯವಿದೆ. ರಾಣಿಗೆ ಆ ಹುಡುಗಿಯ ಮೇಲೆ ಪ್ರೀತಿ ಇತ್ತು, ಅದು ನಟನೆಯಲ್ಲ. ಆದರೆ ಆ ಮೊಗಸಾಲೆಯಲ್ಲಿ ಇನ್ನೊಬ್ಬರನ್ನೂ ನೋಡಿ. ಪಂಜಾಬಿನ ದುಲೀಪ್ ಸಿಂಗ್. ಹತ್ತು ವರ್ಷದ ಹುಡುಗನಿಂದ ರಾಜ್ಯ ತೆಗೆದುಕೊಂಡರು, ಕೊಹಿನೂರ್ ತೆಗೆದುಕೊಂಡರು. 1854ರಲ್ಲಿ ಅವನು ಆಸ್ಬೋರ್ನಿನಲ್ಲಿ ಬಂದು ಉಳಿದಾಗ ರಾಣಿ ಸ್ವತಃ ಕೂತು ಅವನ ರೇಖಾಚಿತ್ರ ಬರೆದಳು. ಪ್ರೀತಿಯಿಂದಲೇ ಬರೆದಳು. ಆ ಪ್ರೀತಿ ಮಕ್ಕಳಿಗೆ ಸಿಕ್ಕಿದ್ದು ಅವರ ನಾಡು ಹೋದ ಮೇಲೆ.

ಇನ್ನೂ ಒಂದು. ದುಲೀಪ್ ಸಿಂಗನಿಗೂ ಗೌರಮ್ಮನಿಗೂ ಮದುವೆ ಮಾಡಿಸಬೇಕು ಅಂತ ರಾಣಿಯ ಮನಸ್ಸಿನಲ್ಲಿತ್ತು. ಒಬ್ಬ ಸಿಖ್ಖರ ಮನೆಯ ಹುಡುಗ, ಒಬ್ಬಳು ಲಿಂಗವಂತರ ಮನೆಯ ಹುಡುಗಿ, ಇಬ್ಬರೂ ಕ್ರೈಸ್ತರಾಗಿದ್ದಾರೆ, ಇಬ್ಬರೂ ಭಾರತದವರು, ಸರಿಹೋಗುತ್ತದೆ ಅನ್ನುವ ಲೆಕ್ಕ. ಅವನು ಒಪ್ಪಲಿಲ್ಲ. 1860ರಲ್ಲಿ ಲೇಡಿ ಲಾಗಿನ್ನಳ ಸೋದರ ಕರ್ನಲ್ ಕ್ಯಾಂಪ್‌ಬೆಲ್ ಜತೆ ಅವಳ ಮದುವೆಯಾಯಿತು. ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವನು. ಮರುವರ್ಷ ಹೆಣ್ಣುಮಗು, ಈಡಿತ್ ಅಂತ ಹೆಸರು. 1864ರಲ್ಲಿ ಗೌರಮ್ಮ ಹೋದಳು. ಇಪ್ಪತ್ತೆರಡು ವರ್ಷ.

ಬೆಳ್ಳಕ್ಕಿ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಒಂದು ಮಾತು ಹೇಳಲೇಬೇಕು.

ಗೌರಮ್ಮನ ಹೆಸರು ಹುಡುಕಿದರೆ ಎದುರಾಗುವ ಬರಹಗಳಲ್ಲಿ ಅರ್ಧದಷ್ಟು ಅವಳು ಮನೆಯ ಕೆಲಸದವನ ಜತೆ ಓಡಿಹೋಗಲು ನೋಡಿದಳು ಅನ್ನುವುದರ ಮೇಲೇ ನಿಂತಿವೆ. ಅವಳ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಅವಳನ್ನು ನೋಡಿಕೊಂಡವರು ಬರೆದಿಟ್ಟದ್ದು. ಅವಳ ಕಣ್ಣಿಂದ ನೋಡಿ. ಹನ್ನೊಂದನೆಯ ವಯಸ್ಸಿಗೆ ಅಪ್ಪನಿಂದ ಬಿಡಿಸಿ ಬೇರೆ ಮನೆಯಲ್ಲಿಟ್ಟರು. ಹೆಸರು ಬದಲು, ದೇವರು ಬದಲು, ಊಟ ಬದಲು. ಯಾರನ್ನು ಮದುವೆಯಾಗಬೇಕು ಅಂತ ಅರಮನೆಯಲ್ಲಿ ಚರ್ಚೆ. ಆ ಹುಡುಗಿ ಮನೆಯೊಳಗೆ ತನ್ನನ್ನು ಪ್ರೀತಿಯಿಂದ ಮಾತಾಡಿಸಿದ ಒಬ್ಬನನ್ನು ನಂಬಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ನನ್ನನ್ನೂ ಹತ್ತನೆಯ ವಯಸ್ಸಿಗೆ ಓದಲೆಂದು ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಒಳ್ಳೆಯವರೇ, ಹೊಟ್ಟೆತುಂಬ ಹಾಕಿದರು. ಆದರೂ ಬೇರೆಯವರ ಮನೆಯಲ್ಲಿ ಬಾಗಿಲು ಮುಚ್ಚುವಾಗಲೂ ಸದ್ದಾಗದ ಹಾಗೆ ಮುಚ್ಚಬೇಕು ಅನ್ನಿಸುತ್ತದೆ. ಮಂಜು ಅವರ ತಾಯಿ ಕೇಳಿದರಲ್ಲ, ತಲೆ ಬಾಚುತ್ತಿದ್ದವರು ಯಾರು ಅಂತ. ನನ್ನ ಜಡೆ ನಾನೇ ಹಾಕಿಕೊಳ್ಳುವುದನ್ನು ಆ ಮನೆಗೆ ಹೋದ ವಾರದಲ್ಲೇ ಕಲಿತೆ.

ನಾಪೋಕ್ಲು_ಕಾಫಿ

@ಬೆಳ್ಳಕ್ಕಿ ತಾಯಿ, ನಿಮ್ಮ ಮಾತು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಸಮುದ್ರದಾಚೆ

@ಬೆಳ್ಳಕ್ಕಿ ನೀವು ಹೇಳಿದ್ದು ಒಪ್ಪುತ್ತೇನೆ. ರಾಣಿಯ ಕಡೆಯಿಂದಲೇ ನೋಡುತ್ತಿದ್ದೆ, ಹುಡುಗಿಯ ಕಡೆಯಿಂದ ನೋಡಿರಲಿಲ್ಲ. ಚಿತ್ರ ಉಳಿದದ್ದು ಒಳ್ಳೆಯದಾಯಿತು ಅನ್ನುವ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಲಂಡನ್_ಬಸವ

ಲಂಡನ್ನಿನಲ್ಲಿ ಇರುವವರಿಗೆ, ಬರುವವರಿಗೆ ಒಂದು ಸಂಗತಿ. ಗೌರಮ್ಮನ ಸಮಾಧಿ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ನಮ್ಮ ಜನ ಲಂಡನ್ನಿಗೆ ಬಂದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಮೂರ್ತಿಗೆ ಕೈಮುಗಿಯದೆ ಹೋಗುವುದಿಲ್ಲ. 2015ರಲ್ಲಿ ಅನಾವರಣವಾದದ್ದು, ಥೇಮ್ಸ್ ದಂಡೆಯಲ್ಲಿ. ಅಲ್ಲಿಂದ ವಾಕ್ಸಾಲ್ ನಿಲ್ದಾಣಕ್ಕೆ ನಡೆದು ವಿಕ್ಟೋರಿಯಾ ಲೈನ್ ಹಿಡಿದು ವಿಕ್ಟೋರಿಯಾದಲ್ಲಿ ಇಳಿಯಿರಿ. ಡಿಸ್ಟ್ರಿಕ್ಟ್ ಲೈನ್ ಹತ್ತಿ ವೆಸ್ಟ್ ಬ್ರಾಂಪ್ಟನ್. ಸ್ಮಶಾನ ನಿಲ್ದಾಣದ ಪಕ್ಕದಲ್ಲೇ. ಬಹಳ ದೊಡ್ಡ ಜಾಗ, ಸುಮ್ಮನೆ ಹೋದರೆ ಸಿಗುವುದಿಲ್ಲ, ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗಿ.

ಇಷ್ಟಲಿಂಗ ಕಟ್ಟಿಕೊಳ್ಳುವ ಮನೆತನದಲ್ಲಿ ಹುಟ್ಟಿದ ಹುಡುಗಿ ಶಿಲುಬೆಗಳ ನಡುವೆ ಮಲಗಿದ್ದಾಳೆ. ನಾನು ಹೋದ ದಿನ ಮಳೆ ಬರುತ್ತಿತ್ತು. ವಿಭೂತಿ ಹಚ್ಚಲೋ ಬೇಡವೋ ಅಂತ ಬಹಳ ಹೊತ್ತು ಯೋಚನೆ ಮಾಡಿದೆ. ಅವಳ ನಂಬಿಕೆ ಕೊನೆಗೆ ಯಾವುದಾಗಿತ್ತೋ ಅದನ್ನು ನಾನು ತೀರ್ಮಾನಿಸಬಾರದು ಅನ್ನಿಸಿತು. ಒಂದು ಹಿಡಿ ಬಿಳಿ ಹೂವಿಟ್ಟು ಬಂದೆ.

ಧಾರವಾಡದವ

ಎಲ್ಲಾರಿಗೂ ನಮಸ್ಕಾರ. ಹೋದ ಶನಿವಾರ ನಾವು ನಾಕು ಮಂದಿ ಹೋಗಿ ಬಂದ್ವಿ. ಬರೀತೀನಿ ಅಂತ ಮಾತು ಕೊಟ್ಟಿದ್ದೆ.

ಮೊದಲ ಫೋನ್ ಮಾಡಿದ್ದು ಚಲೋ ಆತು, ಅವ್ವಗ ಏನೂ ತ್ರಾಸ ಆಗಲಿಲ್ಲ. ಮ್ಯಾಲೆ ಆಕಿ ಬರಲಿಲ್ಲ. ನಾವು ಮ್ಯಾಲೆ ಹೋಗಿ ಬರೂತನಕ ಕೆಳಗ ಕುರ್ಚಿ ಮ್ಯಾಲೆ ಕೂತು, ಅಲ್ಲಿ ಡ್ಯೂಟಿ ಮಾಡೋ ಹೆಣ್ಣಮಗಳ ಜೋಡಿ ಕನ್ನಡದಾಗ ಮಾತಾಡಿಕೋತ ಇದ್ದಳು. ಆ ಹೆಣ್ಣಮಗಳು ಇಂಗ್ಲಿಷಿನ್ಯಾಗ. ಇಬ್ಬರಿಗೂ ತಿಳೀತಿತ್ತು ಅಂತ ಕಾಣಸ್ತದ, ನಾವು ಬಂದಾಗ ಮೊಮ್ಮಕ್ಕಳ ಫೋಟೋ ತೋರಿಸಾಕತ್ತಿದ್ದರು.

ಗಾರೆ_ಸುಣ್ಣ ಅವರ, ನವಿಲನ್ನ ಪಕ್ಕದಿಂದ ನೋಡಿದ್ವಿ. ನೀವು ಹೇಳಿದಂಗ ಗರಿ ತುದಿಗೆ ತೆಳ್ಳಗಾಗ್ತದ. ರಾಮ್ ಸಿಂಗರ ಚಿತ್ರಾನೂ ಸಿಕ್ತು. ಆ ದೊಡ್ಡ ಕೋಣಿಗಿಂತ ಆ ಮನಿಷಾನ ಕಣ್ಣು ನನಗ ನೆನಪು ಉಳೀತು.

ಗೌರಮ್ಮನ ಮುಂದ ಅವ್ವ ಕುರ್ಚಿ ನಿಲ್ಲಸಂದಳು. ನಿಂತ್ವಿ. ಅವ್ವ ಕೈಚೀಲದಿಂದ ಒಂದು ಸಣ್ಣ ಕುಂಕುಮದ ಭರಣಿ ತಗದು ತೊಡಿ ಮ್ಯಾಲೆ ಇಟಗೊಂಡಳು. ಹಚ್ಚಾಕ ಬರೂದಿಲ್ಲ ಅಂತ ಆಕಿಗೂ ಗೊತ್ತು. ಹಂಗ ಹಿಡಕೊಂಡು ಕೂತಳು. ಆ ಚಿತ್ರದಾಗಿನ ಹುಡುಗಿ ಕೈಯಾಗ ಬೈಬಲ್ ಅದ. ನನ್ನ ಮಗಳು ಅದನ್ನ ನೋಡಿ, "ಅದನ್ನ ಓದಾಕ ಆಕಿಗೆ ಬರತಿತ್ತೇನಪ್ಪಾ ಆವಾಗ?" ಅಂತ ಕೇಳಿದಳು. ಮೇಷ್ಟ್ರ, ಈ ಪ್ರಶ್ನೆ ನಿಮಗ ಬಿಡ್ತೀನಿ.

ಆಮ್ಯಾಲೆ ಮಗಳು ಅಲ್ಲಿ ನಿಂತಿದ್ದ ಇನ್ನೊಬ್ಬ ವಯಸ್ಸಾದ ಸ್ವಯಂಸೇವಕರ ಹತ್ತಿರ ಹೋದಳು. ಅವರು ಗೌರಮ್ಮನ ಹೆಸರು "ಗೂರಾಮಾ" ಅಂತ ಅಂತಿದ್ರು. ಈಕಿ ಅದು ಹಂಗಲ್ಲ ಅಂತ ಹೇಳಿ, ತನ್ನ ನೋಟಬುಕ್ಕಿನ್ಯಾಗ ಕನ್ನಡದಾಗ ದೊಡ್ಡದಾಗಿ ಬರದು ತೋರಿಸಿ, ಗೌ, ರ, ಮ್ಮ ಅಂತ ಬಿಡಿಸಿ ಹೇಳಿಕೊಟ್ಟಳು. ಅವರು ಕನ್ನಡಕ ಏರಿಸಿಕೊಂಡು, ಚಿತ್ರದ ಕಡೆ ತಿರುಗಿ, ಮೂರು ಸಲ ಹೇಳಿದರು. ಮೂರನೇದು ಸರಿ ಬಂತು. ಆ ಹಾಳಿ ಹರದು ಕೊಡು ಅಂದ್ರು. ಕೊಟ್ಟಳು. ಮಡಚಿ ಕೋಟಿನ ಒಳಗಿನ ಕಿಸೆದಾಗ ಇಟಗೊಂಡ್ರು.

ಅವ್ವ ಹಡಗು ಹತ್ತೂತನಕ ಮಾತಾಡಲಿಲ್ಲ. ಹತ್ತಿದ ಮ್ಯಾಲೆ ಕೇಳಿದಳು, ಕೊಡಗಿಗೆ ಧಾರವಾಡದಿಂದ ಬಸ್ಸು ಎಷ್ಟು ತಾಸು ಅಂತ. ನಾಪೋಕ್ಲುವಿನ ಅಣ್ಣಾವ್ರ, ನಾಲ್ಕುನಾಡು ಅರಮನಿಗೆ ವಯಸ್ಸಾದವರು ಹೋಗಬಹುದೇನು, ಕಾರು ಬಾಗಲತನಕ ಬರ್ತದೇನು, ಸ್ವಲ್ಪ ತಿಳಸ್ರಿ.

ನಾಪೋಕ್ಲು_ಕಾಫಿ

ಧಾರಾಳವಾಗಿ ಬರಲಿ. ಕಾರು ಹತ್ತಿರದವರೆಗೂ ಹೋಗುತ್ತದೆ, ಒಳಗೆ ಹೊಸ್ತಿಲು ಎತ್ತರ, ಕೈ ಹಿಡಿಯಲು ನಾನು ಇರುತ್ತೇನೆ. ಮಳೆ ಬಿಟ್ಟ ಮೇಲೆ, ನವೆಂಬರಿನಲ್ಲಿ ಬನ್ನಿ. ಊಟ ನಮ್ಮ ಮನೆಯಲ್ಲಿ.